ಪೌರನೀತಿಯ ಪಾಠ ಯಾರ ಸ್ವತ್ತು?

2025ನೆಯ ಇಸವಿ ನವೆಂಬರ್ 10ರಂದು ಇಂಡೊನೇಷ್ಯಾದ ಅಧ್ಯಕ್ಷ ಪ್ರಬೋವೋ ಸುಬಿಯಾಂತೋ ಅವರು ರಾಜಧಾನಿ ಜಕಾರ್ತಾದಲ್ಲಿ, ಗತಿಸಿಹೋದ ಹತ್ತು ಮಂದಿಗೆ ‘ರಾಷ್ಟ್ರವೀರ’ ಎಂಬ ಬಿರುದನ್ನು ಸಾರಿದರು. ಆ ಹತ್ತರಲ್ಲಿ ಒಂದು ಹೆಸರು ಸುಹಾರ್ತೋ. ಈತ ದಂಡಿನ ಬಲದಿಂದ ಅಧಿಕಾರ ಹಿಡಿದು ಮೂವತ್ತೆರಡು ವರ್ಷ ಆ ದೇಶವನ್ನು ಆಳಿ, 1998ರ ಮೇ 21ರಂದು ವಿದ್ಯಾರ್ಥಿಗಳ ಹಾಗೂ ಜನತೆಯ ರೋಷಕ್ಕೆ ಮಣಿದು ಗದ್ದುಗೆ ಇಳಿದವನು. ಪ್ರಬೋವೋ ಅವರಿಗೆ ಒಂದು ಕಾಲದಲ್ಲಿ ಹೆಣ್ಣು ಕೊಟ್ಟ ಮಾವ. ಅದೇ ಪಟ್ಟಿಯ ಮತ್ತೊಂದು ಹೆಸರು ಮಾರ್ಸಿನಾ. ಈಕೆ ಗಡಿಯಾರದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಹೆಣ್ಣುಮಗಳು. ಸುಹಾರ್ತೋ ಆಳುತ್ತಿದ್ದಾಗಲೇ, 1993ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಕೊಲೆಯಾದವಳು.

ಮಾರ್ಸಿನಾಳ ಕಥೆಯನ್ನು ನಮ್ಮ ಗಿರಣಿ ಬಾಂಧವರು ತಿಳಿದಿರಬೇಕು. ಪೂರ್ವ ಜಾವಾ ಪ್ರಾಂತದ ಸಿಡೋಅರ್ಜೋ ಜಿಲ್ಲೆಯಲ್ಲಿ ಆಕೆಯ ಕಾರ್ಖಾನೆ. ಕನಿಷ್ಠ ಕೂಲಿಯನ್ನು ಏರಿಸಬೇಕೆಂದು ಪ್ರಾಂತದ ರಾಜ್ಯಪಾಲನೇ ಸುತ್ತೋಲೆ ಹೊರಡಿಸಿದ್ದ. ದಿನಕ್ಕೆ 1,700 ರುಪಿಯಾ ಇದ್ದ ಕೂಲಿಯನ್ನು 2,250ಕ್ಕೆ ಏರಿಸಿರೆಂದು ಕೆಲಸಗಾರರು ಕೇಳಿದರು. ಸರ್ಕಾರದ ಮಾತನ್ನೇ ನಡೆಸಿಕೊಡಿ ಎಂದು ಕೇಳಿದುದು, ಅಷ್ಟೇ. ಮಾಲೀಕರು ಕೊಡಲಿಲ್ಲ. ಮೇ 3 ಮತ್ತು 4ರಂದು ಮುಷ್ಕರ ನಡೆಯಿತು. 5ರಂದು ಹದಿಮೂರು ಮಂದಿ ಕೆಲಸಗಾರರನ್ನು ಸ್ಥಳೀಯ ಸೇನಾ ಠಾಣೆಗೆ ಕರೆಸಿ ರಾಜೀನಾಮೆ ಬರೆಯಿಸಿಕೊಂಡರು. ಕಾರ್ಖಾನೆಯ ಜಗಳಕ್ಕೆ ದಂಡಿನವರೇಕೆ ಎಂದು ಕೇಳುವವರಿರಲಿಲ್ಲ; ಆ ಕಾಲಕ್ಕೆ ಅಲ್ಲಿ ಅದು ಪದ್ಧತಿಯೇ ಆಗಿತ್ತು. ಸಂಗಡಿಗರ ಗತಿ ಏನಾಯಿತೆಂದು ವಿಚಾರಿಸಲು ಹೊರಟ ಮಾರ್ಸಿನಾ ಅದೇ ರಾತ್ರಿ ಕಾಣೆಯಾದಳು. ಕೆಲವು ದಿನಗಳ ಮೇಲೆ ಬೇರೊಂದು ಜಿಲ್ಲೆಯಲ್ಲಿ, ಅವಳು ಹುಟ್ಟಿದ ಸೀಮೆಯಲ್ಲಿಯೇ, ಹಿಂಸೆಯ ಗುರುತುಗಳಿದ್ದ ಅವಳ ಹೆಣ ಸಿಕ್ಕಿತು. ಕಾರ್ಖಾನೆಯ ಕೆಲವರ ಮೇಲೆ ಮೊಕದ್ದಮೆ ಹೂಡಿದರು. ಆರೋಪಿಗಳು ತಮ್ಮಿಂದ ಹೊಡೆದು ತಪ್ಪೊಪ್ಪಿಗೆ ಬರೆಸಿಕೊಂಡರೆಂದು ಹೇಳಿದರು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ಎಲ್ಲರನ್ನೂ ಬಿಡುಗಡೆ ಮಾಡಿತು. ಬಿರುದು ಬಂದ ದಿನದವರೆಗೂ ಆ ಕೊಲೆಗೆ ಯಾರೊಬ್ಬರಿಗೂ ಶಿಕ್ಷೆ ನಿಂತಿರಲಿಲ್ಲ.

ಪಟ್ಟಿಯಲ್ಲಿ ಇನ್ನೂ ಎರಡು ಹೆಸರುಗಳನ್ನು ಗಮನಿಸಬೇಕು. ಒಂದು, ಗುಸ್ ದುರ್ ಎಂದು ಜನ ಪ್ರೀತಿಯಿಂದ ಕರೆದ ಅಬ್ದುರ್ರಹಮಾನ್ ವಾಹಿದ್. ದೊಡ್ಡ ಮುಸ್ಲಿಂ ಸಂಸ್ಥೆಯೊಂದರ ಮುಖ್ಯಸ್ಥರಾಗಿದ್ದು 1999ರಿಂದ 2001ರವರೆಗೆ ಅಧ್ಯಕ್ಷರಾಗಿದ್ದವರು. 1965-66ರಲ್ಲಿ ಕಮ್ಯುನಿಸ್ಟರೆಂದು ಹೇಳಿ ಕೊಂದವರ ವಿಷಯದಲ್ಲಿ ಕ್ಷಮೆ ಕೇಳಿದವರು. ಆ ಪಕ್ಷ ಮತ್ತು ಆ ಸಿದ್ಧಾಂತದ ಮೇಲೆ 1966ರಲ್ಲಿ ಹಾಕಿದ್ದ ನಿಷೇಧವನ್ನು ತೆಗೆಯಬೇಕೆಂದು 2000ದಲ್ಲಿ ಸೂಚಿಸಿ ಸೋತವರು. ಇನ್ನೊಂದು ಹೆಸರು ಸರ್ವೋ ಎಧಿ ವಿಬೋವೋ. ಅದೇ 1965ರಲ್ಲಿ ಮಧ್ಯ ಜಾವಾದೊಳಕ್ಕೆ ಸೇನೆಯ ವಿಶೇಷ ತುಕಡಿಯನ್ನು ನಡೆಸಿಕೊಂಡು ಹೋದ ಸೇನಾನಿ. ಕೊಲ್ಲಿಸಿದವನು, ಕ್ಷಮೆ ಕೇಳಿದವರು, ಆಳಿದವನು, ಆಳ್ವಿಕೆಯಡಿ ಸತ್ತವಳು, ಎಲ್ಲರೂ ಒಂದೇ ದಿನ ಒಂದೇ ಹಾಳೆಯಲ್ಲಿ ವೀರರಾದರು.

ಈಗ ಪ್ರಶ್ನೆ ಶಾಲೆಯದು. ಅಲ್ಲಿನ ಶಾಲೆಗಳಲ್ಲಿ ಸೋಮವಾರ ಬೆಳಿಗ್ಗೆ ಧ್ವಜವಂದನೆ ನಡೆಯುತ್ತದೆ. ಅದು ಮುಗಿದು ತರಗತಿಗೆ ಹೋದ ಮೇಲೆ ಒಬ್ಬ ಹುಡುಗಿ ಎದ್ದು ನಿಂತು, “ಮೇಷ್ಟ್ರೇ, ಮಾರ್ಸಿನಾಳನ್ನು ಕೊಂದವರು ಯಾರು? ಆಗ ರಾಜ್ಯ ಯಾರದಿತ್ತು?” ಎಂದು ಕೇಳಿದರೆ ಉಪಾಧ್ಯಾಯ ಏನು ಹೇಳಬೇಕು?

ಇಂಡೊನೇಷ್ಯಾದ ಉಸಾಬರಿ ನಮ್ಮ ಜಿಲ್ಲಾ ಪತ್ರಿಕೆಗೇಕೆ ಎಂದು ಕೆಲವು ವಾಚಕರು ಕೇಳಬಹುದು. ಸಮಾಜವಾದಿಗಳಿಗೆ ಆ ದೇಶ ಪರಸ್ಥಳವಲ್ಲ. ಅದರ ಮೊದಲ ಪ್ರಧಾನಿ ಸುತಾನ್ ಶಹರೀರ್ ಸಮಾಜವಾದಿ. 1947ರಲ್ಲಿ ಡಚ್ಚರು ಮುತ್ತಿದಾಗ ನಮ್ಮ ಒರಿಸ್ಸಾದ ಬಿಜು ಪಟ್ನಾಯಕರು ವಿಮಾನ ಹಾರಿಸಿಕೊಂಡು ಹೋಗಿ ಅವರನ್ನು ದೆಹಲಿಗೆ ಕರೆತಂದುದು ಹಳಬರಿಗೆ ಗೊತ್ತು. 1953ರ ಜನವರಿಯಲ್ಲಿ ರಂಗೂನಿನಲ್ಲಿ ನಡೆದ ಏಷ್ಯಾ ಸಮಾಜವಾದಿ ಸಮ್ಮೇಳನದಲ್ಲಿ ಅವರ ಪಕ್ಷವೂ ಭಾರತದ ಸಮಾಜವಾದಿಗಳೂ ಒಂದೇ ಚಾಪೆಯ ಮೇಲೆ ಕುಳಿತಿದ್ದರು. 1960ರಲ್ಲಿ ಅಧ್ಯಕ್ಷ ಸುಕಾರ್ಣೋ ಆ ಪಕ್ಷವನ್ನು ನಿಷೇಧಿಸಿದರು; 1962ರಲ್ಲಿ ಶಹರೀರರನ್ನು ಬಂಧಿಸಿ ವಿಚಾರಣೆಯಿಲ್ಲದೆ ಇಟ್ಟರು. 1966ರ ಏಪ್ರಿಲ್ 9ರಂದು ಅವರು ಪರದೇಶದ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದೇ ದಿನ ಅದೇ ಸರ್ಕಾರ ಅವರನ್ನು ರಾಷ್ಟ್ರವೀರರೆಂದು ಸಾರಿತು. ಈ ಬಿರುದಿನ ಗುಣವನ್ನು ನಾವು ಅಂದಿನಿಂದಲೇ ಬಲ್ಲೆವು.

ಆ ದೇಶದ ಶಾಲೆಗಳಲ್ಲಿ ಪೌರನೀತಿಗೆ ಬುನಾದಿ ‘ಪಂಚಶೀಲ’. ಅವರು ಪಂಚಸಿಲಾ ಎನ್ನುತ್ತಾರೆ. ನೆಹರೂ ಕಾಲದ ನಮ್ಮ ವಿದೇಶಾಂಗ ನೀತಿಯ ಪಂಚಶೀಲ ಬೇರೆ, ಇದು ಬೇರೆ. ದೈವನಂಬಿಕೆ, ಮಾನವೀಯತೆ, ರಾಷ್ಟ್ರದ ಏಕತೆ, ಸಮಾಲೋಚನೆಯ ಮೂಲಕ ಜನತಂತ್ರ, ಸಾಮಾಜಿಕ ನ್ಯಾಯ, ಇವೇ ಐದು. 1945ರ ಜೂನ್ 1ರಂದು ಸುಕಾರ್ಣೋ ತಮ್ಮ ಭಾಷಣದಲ್ಲಿ ಇವುಗಳನ್ನು ಮುಂದಿಟ್ಟರು. ಮೂರು ವಾರಗಳ ಮೇಲೆ ಮುಸ್ಲಿಂ ನಾಯಕರ ಒತ್ತಾಯದಿಂದ, ಮುಸಲ್ಮಾನರು ಷರಿಯತ್ ಪಾಲಿಸಬೇಕೆಂಬ ಅರ್ಥದ ಏಳು ಶಬ್ದಗಳು ಅದಕ್ಕೆ ಸೇರಿದವು. ಆಗಸ್ಟ್ 18ರಂದು, ಸ್ವಾತಂತ್ರ್ಯ ಸಾರಿದ ಮರುದಿನ, ಪೂರ್ವದ ಕ್ರೈಸ್ತ ದ್ವೀಪಗಳು ಕೂಡಿ ಬರಲೊಲ್ಲವೆಂಬ ಭಯದಿಂದ ಆ ಏಳು ಶಬ್ದಗಳನ್ನು ತೆಗೆದರು. ಅಂದರೆ ಪಂಚಶೀಲವೆಂಬುದು ಜಗಳವಾಡುತ್ತಿದ್ದ ಅಣ್ಣತಮ್ಮಂದಿರು ಸೇರಿ ಬರೆದ ಕರಾರುಪತ್ರ. ಯಾರು ಏನು ಕೇಳಿದರು, ಯಾರು ಏನು ಬಿಟ್ಟುಕೊಟ್ಟರು ಎಂದು ಹೇಳಿದ್ದರೆ ಅದಕ್ಕಿಂತ ಒಳ್ಳೆಯ ಪೌರನೀತಿ ಪಾಠ ಬೇಕಿರಲಿಲ್ಲ.

ಸುಹಾರ್ತೋವಿನ ಆಡಳಿತ ಆ ಕರಾರುಪತ್ರವನ್ನು ಮಂತ್ರವನ್ನಾಗಿ ಮಾಡಿತು. 1975ರಲ್ಲಿ ‘ಪಂಚಶೀಲ ನೀತಿ ಶಿಕ್ಷಣ’ ಎಂಬ ವಿಷಯ ಬಂದಿತು. 1978ರಲ್ಲಿ ಐದು ತತ್ವಗಳನ್ನು ಮೂವತ್ತಾರು ಅಂಶಗಳಾಗಿ ವಿಂಗಡಿಸಿ, ಶಾಲಾ ಮಕ್ಕಳಿಂದ ಹಿಡಿದು ಸರ್ಕಾರಿ ನೌಕರರ ತನಕ ಎಲ್ಲರಿಗೂ ಗಂಟೆಗಳ ಲೆಕ್ಕದಲ್ಲಿ ತರಬೇತಿ ವಿಧಿಸಿದರು. 1985ರ ಕಾಯಿದೆಗಳ ಪ್ರಕಾರ ಪ್ರತಿಯೊಂದು ಪಕ್ಷವೂ ಸಂಘವೂ ಪಂಚಶೀಲವೊಂದೇ ತನ್ನ ತತ್ವವೆಂದು ಬರೆದುಕೊಡಬೇಕಾಯಿತು. ಸುಕಾರ್ಣೋವಿನ ಹೆಸರೂ ಜೂನ್ 1ರ ಮಹತ್ವವೂ ಪಠ್ಯಪುಸ್ತಕದಲ್ಲಿ ಮಂಕಾದವು. (2016ರಲ್ಲಿ ಇನ್ನೊಬ್ಬ ಅಧ್ಯಕ್ಷರು ಅದೇ ಜೂನ್ 1ನ್ನು ಪಂಚಶೀಲದ ಹುಟ್ಟುದಿನವೆಂದು ಸಾರಿ ರಜೆ ಕೊಟ್ಟರು. ಅಪ್ಪ ಕಲಿತ ತಾರೀಖು ಮಗನಿಗಿಲ್ಲ.)

ಕಾರ್ಖಾನೆಗೂ ಇದೇ ಪಂಚಶೀಲವನ್ನು ತಂದರು. ‘ಪಂಚಶೀಲ ಕಾರ್ಮಿಕ ಸಂಬಂಧ’ ಎಂದು 1974ರಿಂದ ಒಂದು ನೀತಿ ನಡೆಯಿತು. ಅದರ ಸಾರ, ಮಾಲೀಕನೂ ಕೆಲಸಗಾರನೂ ಒಂದೇ ಕುಟುಂಬ. ಕುಟುಂಬದಲ್ಲಿ ಮುಷ್ಕರ ಹೂಡುವುದು ಸರಿಯಲ್ಲ. ಸರ್ಕಾರ ಒಪ್ಪಿದ ಒಂದೇ ಕಾರ್ಮಿಕ ಸಂಘ. ಕುಟುಂಬದ ಯಜಮಾನ ಯಾರೆಂದು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಮಾರ್ಸಿನಾ ಶಾಲೆಯಲ್ಲಿ ಕಲಿತುದೂ ಇದೇ ಪಾಠ, ಕಾರ್ಖಾನೆಯಲ್ಲಿ ಕಂಡುದೂ ಇದರದೇ ಆಚರಣೆ.

ಇನ್ನು ಸಿನಿಮಾ. 1965ರ ಅಕ್ಟೋಬರ್ 1ರ ಬೆಳಗಿನ ಜಾವ ಆರು ಮಂದಿ ಜನರಲ್‌ಗಳನ್ನೂ ಒಬ್ಬ ಕಿರಿಯ ಅಧಿಕಾರಿಯನ್ನೂ ಕೊಂದ ಘಟನೆಯ ಮೇಲೆ 1984ರಲ್ಲಿ ಸರ್ಕಾರ ನಾಲ್ಕು ಗಂಟೆಗೂ ಮೀರಿದ ಒಂದು ಚಿತ್ರವನ್ನು ತೆಗೆಸಿತು. ವರ್ಷ ವರ್ಷವೂ ಸೆಪ್ಟೆಂಬರ್ 30ರಂದು ಟೆಲಿವಿಷನ್ನಿನಲ್ಲಿ ಅದೇ ಚಿತ್ರ, ಮಕ್ಕಳೆಲ್ಲ ನೋಡಲೇಬೇಕು. ಏಳು ಮಂದಿಯ ಸಾವು ಚಿತ್ರದಲ್ಲಿದೆ. ಆ ಬಳಿಕ ದಂಡಿನವರೂ ಅವರ ಜತೆಯ ಗುಂಪುಗಳೂ ಸೇರಿ ಕೊಂದ ಸುಮಾರು ಐದು ಲಕ್ಷ ಜನ, ರೈತರು, ಸಂಘದ ಕಾರ್ಮಿಕರು, ಅದರಲ್ಲೂ ಎಷ್ಟೋ ಮಂದಿ ಶಾಲಾ ಉಪಾಧ್ಯಾಯರು, ಅವರ ಸಾವು ಅದರಲ್ಲಿಲ್ಲ.

ಪಾಠ ಹೇಳುವ ಉಪಾಧ್ಯಾಯನ ಸ್ಥಿತಿ ಏನಿತ್ತು? ಆತ ಸರ್ಕಾರಿ ನೌಕರ. ನೌಕರರೆಲ್ಲ ಆಳುವ ಗೋಲ್ಕಾರ್ ಸಂಸ್ಥೆಗೆ ನಿಷ್ಠರಾಗಿರಬೇಕೆಂಬುದು ನಿಯಮ. ಬೆಳಿಗ್ಗೆ ತರಗತಿಯಲ್ಲಿ ಚುನಾವಣೆ ಸ್ವತಂತ್ರವೆಂದು ಬೋಧಿಸಿ, ಸಂಜೆ ಗೋಲ್ಕಾರಿಗೆ ಮತ ಕೂಡಿಸಲು ಅದೇ ಉಪಾಧ್ಯಾಯ ಹೋಗಬೇಕಾಗಿತ್ತು. ಮಕ್ಕಳು ಕುರುಡರಲ್ಲ. ಪುಸ್ತಕಕ್ಕೊಂದು ಉತ್ತರ, ಬದುಕಿಗೊಂದು ಉತ್ತರ ಎಂದು ಅವರು ಬೇಗನೆ ಕಲಿತರು. ಯಾವ ನಡತೆ ಯಾವ ತತ್ವಕ್ಕೆ ಹೊಂದುತ್ತದೆ ಎಂದು ಪರೀಕ್ಷೆಯಲ್ಲಿ ಕೇಳಿದರೆ ಒಳ್ಳೆಯ ಹುಡುಗನಂತೆ ಕಾಣುವ ಉತ್ತರಕ್ಕೆ ಗುರುತು ಹಾಕಿದರಾಯಿತು.

ಇದನ್ನು ಬರೆಯುತ್ತಿರುವವನೂ ಕೆಲವು ವರ್ಷ ಸೀಮೆಸುಣ್ಣ ಹಿಡಿದವನೇ. ಒಂದು ಶಾಲೆಯಲ್ಲಿ ಏಳನೆಯ ತರಗತಿಗೆ ಮೂಲಭೂತ ಹಕ್ಕುಗಳ ಪಾಠ ನಡೆದಿತ್ತು. ಸಂಘ ಕಟ್ಟುವ ಹಕ್ಕನ್ನು ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗನೊಬ್ಬ, “ಸಾರ್, ಸಂಘ ಕಟ್ಟಿದ್ದಕ್ಕೆ ನಮ್ಮಪ್ಪನ್ನ ಗೇಟಿನಿಂದ ಆಚೆ ಹಾಕಿದ್ದಾರೆ, ಅದು ಹೆಂಗೆ?” ಎಂದ. ಆ ಗಿರಣಿಯ ಮಾಲೀಕರು ನಮ್ಮ ಶಾಲೆಯ ಆಡಳಿತ ಮಂಡಳಿಯಲ್ಲಿದ್ದರು. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. “ಅದು ಪರೀಕ್ಷೆಗೆ ಬರೋದಿಲ್ಲ, ಕೂತ್ಕೊಳಪ್ಪಾ” ಎಂದೆ. ಹುಡುಗ ಕುಳಿತ. ಆ ವರ್ಷವೆಲ್ಲ ಅವನು ಮತ್ತೆ ಪ್ರಶ್ನೆ ಕೇಳಲಿಲ್ಲ. ಆದುದರಿಂದ ಜಾವಾದ ಉಪಾಧ್ಯಾಯರ ಮೇಲೆ ಕಲ್ಲೆಸೆಯುವ ಯೋಗ್ಯತೆ ನನಗಿಲ್ಲ.

1998ರಲ್ಲಿ ಸರ್ವಾಧಿಕಾರ ಬಿದ್ದಿತು. ಅದೇ ವರ್ಷ ನವೆಂಬರಿನಲ್ಲಿ ಮೂವತ್ತಾರು ಅಂಶಗಳ ಫರ್ಮಾನನ್ನು ರದ್ದುಮಾಡಿದರು; ಸಿನಿಮಾ ನಿಂತಿತು. 1999ರ ಚುನಾವಣೆಗೆ 48 ಪಕ್ಷಗಳು ನಿಂತವು. ಮುಚ್ಚಿದ್ದ ಬಾಗಿಲು ತೆರೆದಾಗ ಹೊರಗೆ ನಿಂತಿದ್ದವರೆಲ್ಲ ಒಟ್ಟಿಗೆ ಒಳನುಗ್ಗುವುದು ಸ್ವಾಭಾವಿಕ. ದೇಶ ಒಡೆಯದಂತೆ ರಾಷ್ಟ್ರಭಕ್ತಿ ಕಲಿಸಿರೆಂದು ದಂಡಿನವರು ಹೇಳಿದರು. ಮೊದಲು ದೈವಭಕ್ತಿ, ಮಿಕ್ಕಿದ್ದು ಆಮೇಲೆ ಎಂದರು ಧರ್ಮಸಂಸ್ಥೆಗಳವರು. ಮಾನವ ಹಕ್ಕು ಕಲಿಸಬೇಕೆಂದು ಹೊಸ ಸಂಘಗಳು ಕೇಳಿದವು; ನಮ್ಮ ಸೀಮೆಯ ಆಚಾರ ಕಲಿಸಿರೆಂದು ಜಿಲ್ಲೆಗಳು ಕೇಳಿದವು, ಏಕೆಂದರೆ 2001ರಿಂದ ಶಾಲೆಗಳ ಆಡಳಿತ ಅವರ ಕೈಗೇ ಬಂದಿತ್ತು. ಐದು ಲಕ್ಷ ಸತ್ತವರ ಮಕ್ಕಳು, ನಮ್ಮ ತಂದೆಯರ ಹೆಸರನ್ನು ದ್ರೋಹಿಗಳ ಪಟ್ಟಿಯಿಂದ ತೆಗೆಯಿರಿ ಎಂದರು.

ವ್ಯಾಪಾರಿ ಬಂಧುಗಳು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅಲ್ಲಿ ಪೇಟೆಯ ಅಂಗಡಿಕಾರರಲ್ಲಿ ಬಹಳ ಮಂದಿ ಚೀನೀ ಮೂಲದವರು. 1966ರಲ್ಲಿ ಅವರ ಶಾಲೆಗಳನ್ನು ಮುಚ್ಚಿದರು. 1967ರ ಆಜ್ಞೆಯೊಂದು ಅವರ ಹಬ್ಬ ಹರಿದಿನಗಳು ಬಯಲಲ್ಲಿ ಕಾಣದಂತೆ ಮಾಡಿತು. ಶಾಲೆಯಲ್ಲಿ ಏಕತೆಯ ಪಾಠ ಕೇಳಿ ಬೆಳೆದ ಅದೇ ದೇಶದಲ್ಲಿ 1998ರ ಮೇ ತಿಂಗಳ ನಡುವಿನಲ್ಲಿ ಜಕಾರ್ತಾದ ಗ್ಲೋಡೋಕ್ ಪೇಟೆಯ ಅವರ ಅಂಗಡಿಗಳನ್ನು ಲೂಟಿಮಾಡಿ ಸುಟ್ಟರು. ಆ ದಿನಗಳ ಗಲಭೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು, ಹೊತ್ತಿಕೊಂಡ ಮಳಿಗೆಗಳೊಳಗೆ ಸಿಕ್ಕಿಬಿದ್ದ ಬಡವರೇ. ಹೆಂಗಸರ ಮೇಲೆ ನಡೆದ ಅತ್ಯಾಚಾರಗಳನ್ನು ಸರ್ಕಾರವೇ ನೇಮಿಸಿದ ಸತ್ಯಶೋಧನಾ ತಂಡ ದಾಖಲೆ ಮಾಡಿತು. ಚೀನೀಯರ ಮೇಲಿನ 1967ರ ಆಜ್ಞೆಯನ್ನು 2000ದಲ್ಲಿ ರದ್ದುಮಾಡಿದವರು ಇದೇ ಗುಸ್ ದುರ್. ಇಷ್ಟಾಗಿ, 2025ರಲ್ಲಿ ಸಂಸ್ಕೃತಿ ಸಚಿವಾಲಯ ರಾಷ್ಟ್ರದ ಇತಿಹಾಸವನ್ನು ಹತ್ತು ಸಂಪುಟಗಳಲ್ಲಿ ಹೊಸದಾಗಿ ಬರೆಯಿಸಲು ಹೊರಟಾಗ, ಆ ಸಾಮೂಹಿಕ ಅತ್ಯಾಚಾರ ಬರಿಯ ವದಂತಿ ಎಂಬಂತೆ ಸಚಿವರೇ ಮಾತನಾಡಿದರು. ದೇಶದಲ್ಲಿ ದೊಡ್ಡ ಪ್ರತಿಭಟನೆ ಎದ್ದಿತು.

ಇಷ್ಟು ಬೇಡಿಕೆಗಳನ್ನು ಶಾಲೆ ಹೇಗೆ ನಿಭಾಯಿಸಿತು? ಮೊದಲನೆಯದಾಗಿ ಬೋರ್ಡು ಬದಲಾಯಿಸಿತು. 1975ರಲ್ಲಿ ಒಂದು ಹೆಸರು, 1994ರಲ್ಲಿ ಇನ್ನೊಂದು, 2006ರಲ್ಲಿ ಪಂಚಶೀಲದ ಮಾತೇ ಇಲ್ಲದೆ ಬರಿಯ ‘ಪೌರ ಶಿಕ್ಷಣ’, 2013ರಲ್ಲಿ ಮತ್ತೆ ಪಂಚಶೀಲ ಸೇರಿಸಿ, 2022ರಲ್ಲಿ ‘ಪಂಚಶೀಲ ಶಿಕ್ಷಣ’. ಅಂಗಡಿ ದಿವಾಳಿಯಾದಾಗ ಹೆಸರು ಬದಲಾಯಿಸಿ ಅದೇ ಮಾಲು ಮಾರುವುದನ್ನು ನಮ್ಮ ಪೇಟೆಯಲ್ಲಿಯೂ ಕಂಡಿದ್ದೇವೆ. ಒಳಗಿನ ಸರಕು ಏನೇನೂ ಬದಲಾಗಲಿಲ್ಲವೆಂದರೆ ಅನ್ಯಾಯವಾದೀತು. ಮಾನವ ಹಕ್ಕು, ಸಂವಿಧಾನದ ತಿದ್ದುಪಡಿ, ಚುನಾವಣೆಯ ನಿಜವಾದ ಕ್ರಮ ಪುಸ್ತಕದೊಳಕ್ಕೆ ಬಂದುವು. ಆದರೆ ಬಂದುದೆಲ್ಲವೂ ಹಳೆಯದರ ಪಕ್ಕದಲ್ಲಿ ಬಂದು ಕುಳಿತಿತು. ಯಾವುದೂ ಯಾವುದನ್ನೂ ಪ್ರಶ್ನಿಸಲಿಲ್ಲ. 2003ರ ಶಿಕ್ಷಣ ಕಾಯಿದೆಯನ್ನೇ ನೋಡಿರಿ. ಶಿಕ್ಷಣದ ಗುರಿಗಳ ಸಾಲಿನಲ್ಲಿ ಮೊದಲು ಬರುವುದು ದೇವರಲ್ಲಿ ಶ್ರದ್ಧೆ ಮತ್ತು ಭಕ್ತಿ. ಆರೋಗ್ಯ, ವಿದ್ಯೆ, ಸ್ವಾವಲಂಬನೆ ಎಲ್ಲ ದಾಟಿ ಕಟ್ಟಕಡೆಗೆ ಪ್ರಜಾಸತ್ತಾತ್ಮಕ ಜವಾಬ್ದಾರ ಪ್ರಜೆ. ಎಲ್ಲರಿಗೂ ಬಡಿಸಿದೆವೆಂದು ಸಭೆ ಎದ್ದಿತು. ಭಕ್ತಿಯೂ ಪ್ರಜಾಸತ್ತೆಯೂ ತರಗತಿಯಲ್ಲಿ ಎದುರುಬದುರಾದ ದಿನ ಏನು ಮಾಡಬೇಕೆಂದು ಕಾಯಿದೆ ಹೇಳಲಿಲ್ಲ. ಆ ಹೊರೆಯನ್ನು ಉಪಾಧ್ಯಾಯನ ತಲೆಯ ಮೇಲಿಟ್ಟಿತು.

ಎದುರುಬದುರಾದ ದಿನ ಬಾರದೆ ಹೋಗಲಿಲ್ಲ. 2004ರ ಪಠ್ಯಕ್ರಮದ ಇತಿಹಾಸ ಪುಸ್ತಕಗಳು 1965ರ ಕ್ಷಿಪ್ರಕ್ರಾಂತಿಯ ಹೆಸರಿನ ಜೊತೆಗೆ ಕಮ್ಯುನಿಸ್ಟ್ ಪಕ್ಷದ ಹೆಸರನ್ನು ಅಂಟಿಸಲಿಲ್ಲ. ಮಾಡಿದವರು ಯಾರೆಂಬುದು ವಿವಾದದಲ್ಲಿರುವುದರಿಂದ ಹಾಗೆ ಮಾಡಿದರು. ಗುಲ್ಲೆದ್ದಿತು. 2007ರಲ್ಲಿ ಸರ್ಕಾರದ ಮಹಾಭಿಯೋಜಕರು ಆ ಪುಸ್ತಕಗಳನ್ನು ನಿಷೇಧಿಸಿದರು. ಹಲವು ಊರುಗಳಲ್ಲಿ ಅವನ್ನು ರಾಶಿ ಹಾಕಿ ಸುಟ್ಟರು. ಪ್ರಜಾಸತ್ತೆ ಬಂದು ಒಂಬತ್ತು ವರ್ಷವಾದ ಮೇಲೆ ಶಾಲಾ ಮಕ್ಕಳ ಪುಸ್ತಕಕ್ಕೆ ಬೆಂಕಿ! ಪುಸ್ತಕ ನಿಷೇಧಿಸುವ ಅಧಿಕಾರವನ್ನು ಅವರಿಗೆ ಕೊಟ್ಟಿದ್ದ 1963ರ ಕಾನೂನನ್ನು 2010ರಲ್ಲಿ ಸಂವಿಧಾನ ನ್ಯಾಯಾಲಯ ಹೊಡೆದುಹಾಕಿತೆಂಬುದನ್ನೂ ಹೇಳಬೇಕು. ಅನಂತರ ಹಿರಿಯ ತರಗತಿಯ ಪುಸ್ತಕದಲ್ಲಿ, ಜನರಲ್‌ಗಳನ್ನು ಕೊಲ್ಲಿಸಿದವರು ಯಾರೆಂಬುದರ ಬಗ್ಗೆ ಹಲವು ವಾದಗಳನ್ನು ಒಂದರ ಕೆಳಗೊಂದು ಕೊಟ್ಟರು. ಒಳ್ಳೆಯದೇ. ಆದರೆ ತರುವಾಯ ಸತ್ತ ಲಕ್ಷಾಂತರ ಜನರ ವಿಷಯಕ್ಕೆ ಬಂದಾಗ ಲೇಖನಿ ಸಂಕೋಚಪಟ್ಟಿತು. 2023ರ ಜನವರಿ 11ರಂದು ಅಧ್ಯಕ್ಷ ಜೋಕೋ ವಿಡೋಡೋ ಅವರು 1965-66ರ ಕಗ್ಗೊಲೆಯೂ ಸೇರಿ ಹನ್ನೆರಡು ಘೋರ ಪ್ರಕರಣಗಳು ನಡೆದುದು ನಿಜವೆಂದು ಒಪ್ಪಿ ವಿಷಾದಿಸಿದರು. 2024ರಲ್ಲಿ, ಭ್ರಷ್ಟಾಚಾರ ವಿಚಾರಣೆಯ 1998ರ ನಿರ್ಣಯದಲ್ಲಿದ್ದ ಸುಹಾರ್ತೋವಿನ ಹೆಸರನ್ನು ಅಲ್ಲಿನ ಮಹಾಸಭೆ ತೆಗೆದುಹಾಕಿತು. 2025ರಲ್ಲಿ ಆತ ವೀರನಾದ. ಮೂರು ವರ್ಷಗಳಲ್ಲಿ ಮೂರು ಪಾಠ.

ಧರ್ಮದ ಕಡೆಯದು ಇನ್ನೂ ಬಿಸಿ. ಪಶ್ಚಿಮ ಸುಮಾತ್ರಾದ ಪಡಾಂಗ್ ಪಟ್ಟಣದ ಸರ್ಕಾರಿ ಶಾಲೆಯೊಂದರಲ್ಲಿ ಎಲ್ಲ ಹುಡುಗಿಯರೂ ತಲೆವಸ್ತ್ರ ತೊಡಬೇಕೆಂದು ಕಟ್ಟಳೆ ಇತ್ತು. 2021ರ ಜನವರಿಯಲ್ಲಿ ಕ್ರೈಸ್ತ ಹುಡುಗಿಯೊಬ್ಬಳ ತಂದೆ ಶಾಲೆಗೆ ಹೋಗಿ, ನಮ್ಮ ಧರ್ಮದಲ್ಲಿಲ್ಲದುದನ್ನು ನನ್ನ ಮಗಳು ಏಕೆ ತೊಡಬೇಕು ಎಂದು ಕೇಳಿದ. ಮಾತುಕತೆಯ ಚಿತ್ರ ದೇಶದ ತುಂಬ ಹಬ್ಬಿತು. ಮರು ತಿಂಗಳೇ ಮೂವರು ಸಚಿವರು ಕೂಡಿ ಆಜ್ಞೆ ಹೊರಡಿಸಿದರು: ಸರ್ಕಾರಿ ಶಾಲೆ ಧಾರ್ಮಿಕ ಉಡುಪನ್ನು ಕಡ್ಡಾಯ ಮಾಡುವಂತೆಯೂ ಇಲ್ಲ, ಬೇಡವೆನ್ನುವಂತೆಯೂ ಇಲ್ಲ. ನಮಗೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಅದೇ ಪ್ರಾಂತದ ಸಂಪ್ರದಾಯ ಸಂಸ್ಥೆಯವರು ಮೊಕದ್ದಮೆ ಹೂಡಿದರು. ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆಜ್ಞೆಯನ್ನು ರದ್ದುಮಾಡಿತು. 2024ರ ಆಗಸ್ಟಿನಲ್ಲಿ ಇದರ ತದ್ವಿರುದ್ಧ ನಡೆಯಿತು. ಸ್ವಾತಂತ್ರ್ಯ ದಿನದ ಧ್ವಜ ಹಿಡಿಯಲು ನಾಡಿನ ಮೂಲೆಮೂಲೆಗಳಿಂದ ಆರಿಸಿ ತಂದ ವಿದ್ಯಾರ್ಥಿಗಳಲ್ಲಿ ಹದಿನೆಂಟು ಮಂದಿ ಹುಡುಗಿಯರು ಪ್ರಮಾಣ ಸ್ವೀಕಾರದ ದಿನ ತಲೆವಸ್ತ್ರ ತೆಗೆದು ನಿಂತಿದ್ದರು. ಏಕರೂಪಕ್ಕಾಗಿ ಹಾಗೆ ಎಂದರು ಪಂಚಶೀಲದ ಉಸ್ತುವಾರಿ ಸಂಸ್ಥೆಯವರು. ಜನ ಸಿಡಿದೆದ್ದ ಮೇಲೆ ಕ್ಷಮೆ ಕೇಳಿದರು. ಒಂದೂರಿನಲ್ಲಿ ತೊಡು, ಇನ್ನೊಂದೂರಿನಲ್ಲಿ ತೆಗೆ. ಎರಡು ಕಡೆಯೂ ಆಜ್ಞೆ ಕೊಟ್ಟವರು ದೊಡ್ಡವರು, ತಲೆ ತಗ್ಗಿಸಿದವರು ಮಕ್ಕಳು. 2022ರಲ್ಲಿ ನಮ್ಮದೇ ರಾಜ್ಯದ ಕಾಲೇಜುಗಳ ಗೇಟಿನಲ್ಲಿ ನಿಂತ ಹುಡುಗಿಯರನ್ನು ಕಂಡ ವಾಚಕರಿಗೆ ಹೆಚ್ಚು ವಿವರಿಸಬೇಕಾದುದಿಲ್ಲ.

ಹಾಗಾದರೆ ದಾರಿಯೇ ಇಲ್ಲವೇ? ಇಂಥದೇ ಇಕ್ಕಟ್ಟಿಗೆ ಸಿಕ್ಕಿದ ಇನ್ನೊಂದು ದೇಶದಲ್ಲಿ ಉಪಾಧ್ಯಾಯರೂ ವಿದ್ವಾಂಸರೂ ಕಂಡುಕೊಂಡ ದಾರಿಯೊಂದಿದೆ. ಹಿಟ್ಲರನ ಕಾಲ ದಾಟಿ ಬಂದ ಪಶ್ಚಿಮ ಜರ್ಮನಿಯಲ್ಲಿ 1970ರ ಸುಮಾರಿಗೆ ಪೌರನೀತಿಯ ಪಾಠಕ್ಕಾಗಿ ಪಕ್ಷಪಕ್ಷಗಳಿಗೆ ಹೊಡೆದಾಟ. ಸೋಷಿಯಲ್ ಡೆಮಾಕ್ರಟರ ಪ್ರಾಂತದಲ್ಲಿ ಒಂದು ಪಠ್ಯ, ಕ್ರಿಶ್ಚಿಯನ್ ಡೆಮಾಕ್ರಟರ ಪ್ರಾಂತದಲ್ಲಿ ಮತ್ತೊಂದು. 1976ರಲ್ಲಿ ಬಾಯ್ಟೆಲ್ಸ್‌ಬಾಖ್ ಎಂಬ ಸಣ್ಣ ಊರಿನಲ್ಲಿ ಎರಡು ಕಡೆಯವರೂ ಸೇರಿ ಮಾತನಾಡಿದರು. ಮತ ಹಾಕಿ ನಿರ್ಣಯ ಮಾಡಲಿಲ್ಲ. ಎಲ್ಲರಿಗೂ ಒಪ್ಪಿತವಾದಂತೆ ತೋರಿದ ಮೂರು ಮಾತುಗಳನ್ನು ಒಬ್ಬರು ಬರೆದಿಟ್ಟರು. ಉಪಾಧ್ಯಾಯ ತನ್ನ ಅಭಿಪ್ರಾಯವನ್ನು ಮಕ್ಕಳ ಮೇಲೆ ಹೇರಬಾರದು. ನಾಡಿನಲ್ಲಿ ಯಾವುದರ ಬಗ್ಗೆ ವಾದವಿದೆಯೋ ಅದು ತರಗತಿಯಲ್ಲಿಯೂ ವಾದವಾಗಿಯೇ ಕಾಣಬೇಕು. ಆ ವಾದದಲ್ಲಿ ತನ್ನ ಸ್ವಂತ ಹಿತ ಎಲ್ಲಿದೆ, ಅದಕ್ಕಾಗಿ ಏನು ಮಾಡಬಹುದು ಎಂದು ವಿದ್ಯಾರ್ಥಿ ಗುರುತಿಸುವಂತಾಗಬೇಕು. ಮೂರನೆಯದು ನಮ್ಮ ವರ್ಗದ ಮಕ್ಕಳಿಗೆ ಬಹಳ ಬೇಕಾದುದು. ಗಿರಣಿ ಕೆಲಸಗಾರನ ಮಗನ ಹಿತವೂ ಮಾಲೀಕನ ಮಗನ ಹಿತವೂ ಒಂದೇ ಎಂದು ಹೇಳುವುದು ಪೌರನೀತಿಯಲ್ಲ. ಅದು ಸುಹಾರ್ತೋವಿನ ಕುಟುಂಬ ನೀತಿ.

ಇಲ್ಲಿ ಒಂದು ಎಚ್ಚರಿಕೆ. ವಾದವನ್ನು ವಾದವಾಗಿ ತೋರಿಸಬೇಕೆಂದರೆ ಸುಳ್ಳಿಗೂ ನಿಜಕ್ಕೂ ಸಮಪಾಲು ಕೊಡಬೇಕೆಂದಲ್ಲ. ಐದು ಲಕ್ಷ ಜನ ಸತ್ತರೇ ಎಂಬುದು ವಾದವಲ್ಲ; ಹೆಚ್ಚು ಸತ್ತಿರಬಹುದೇ ಎಂಬುದು ವಾದ. ಮಾರ್ಸಿನಾ ಕೊಲೆಯಾದುದು ವಾದವಲ್ಲ. ಸುಹಾರ್ತೋವಿನ ಕಾಲದಲ್ಲಿ ಅಕ್ಕಿ ಬೆಳೆದುದು ಹೆಚ್ಚಿತು, ಶಾಲೆಗಳು ಹೆಚ್ಚಿದುವು ಎಂಬುದೂ ನಿಜವೇ. ಅದನ್ನು ಮುಚ್ಚಿಟ್ಟರೆ ಮಕ್ಕಳು ನಮ್ಮನ್ನು ನಂಬಲಾರರು. ಇವೆಲ್ಲವನ್ನೂ ಒಂದು ತಕ್ಕ‌ಡಿಯಲ್ಲಿಟ್ಟು ಆತನನ್ನು ವೀರನೆನ್ನಬಹುದೇ ಎಂಬುದು ವಾದ. ನಮ್ಮ ಅಭಿಪ್ರಾಯ ಕೇಳಿದರೆ, ಕೂಡದು. ಆದರೆ ಹದಿನಾಲ್ಕು ವರ್ಷದ ಹುಡುಗಿ ದಾಖಲೆ ಓದಿ ತಾನೇ ಆ ಮಾತಿಗೆ ಬರಲಿ, ಅಥವಾ ಬಾರದಿರಲಿ.

ಆದರೆ ಈ ಸೂತ್ರವನ್ನು ಯಾರು ನಡೆಸಬೇಕು? ಉಪಾಧ್ಯಾಯ. ನಡೆಸಲು ಆತನಿಗೆ ಏನು ಬೇಕು? ಅನ್ನದ ಭಯ ಇರಬಾರದು. ಇಂಡೊನೇಷ್ಯಾದ ಸರ್ಕಾರಿ ಶಾಲೆಗಳಲ್ಲಿ ಖಾಯಂ ಉಪಾಧ್ಯಾಯರ ಜೊತೆಗೆ ಲಕ್ಷಗಟ್ಟಲೆ ‘ಗೌರವ’ ಉಪಾಧ್ಯಾಯರು ದುಡಿಯುತ್ತ ಬಂದಿದ್ದಾರೆ. ನಮ್ಮಲ್ಲಿ ‘ಅತಿಥಿ’ ಎನ್ನುತ್ತೇವೆ. ಹೆಸರಿನಲ್ಲಿ ಮಾತ್ರ ಗೌರವ. ಎಷ್ಟೋ ಮಂದಿಗೆ ಸಿಕ್ಕುವುದು ಆ ಜಿಲ್ಲೆಯ ಕಾರ್ಖಾನೆ ಕೆಲಸಗಾರನ ಕನಿಷ್ಠ ಕೂಲಿಗಿಂತಲೂ ಎಷ್ಟೋ ಕಡಿಮೆ. 2021ರಿಂದ ಅವರನ್ನು ಕರಾರಿನ ಸರ್ಕಾರಿ ನೌಕರರನ್ನಾಗಿ ತೆಗೆದುಕೊಳ್ಳಲು ಹತ್ತು ಲಕ್ಷ ಹುದ್ದೆಗಳ ಯೋಜನೆ ಸಾರಿದರು. ಕರಾರೆಂದರೆ ಅವಧಿ ಮುಗಿದಾಗ ಮತ್ತೆ ಕೈ ಒಡ್ಡಬೇಕು. ಇಂಥ ಉಪಾಧ್ಯಾಯ ಮುಖ್ಯೋಪಾಧ್ಯಾಯನನ್ನೂ ಜಿಲ್ಲಾಧಿಕಾರಿಯನ್ನೂ ಮಸೀದಿಯ ಹಿರಿಯರನ್ನೂ ಠಾಣೆಯ ದಂಡಿನವನನ್ನೂ ಎದುರಿಟ್ಟುಕೊಂಡು ವಾದವನ್ನು ವಾದವಾಗಿ ಕಲಿಸುತ್ತಾನೆಯೇ? ಅವನು ನಾನು ಮಾಡಿದುದನ್ನೇ ಮಾಡುತ್ತಾನೆ. ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ ಎನ್ನುತ್ತಾನೆ. ಎದುರುಬದುರು ನಿಂತ ಬೇಡಿಕೆಗಳಲ್ಲಿ ಆ ಹೊತ್ತಿಗೆ ಯಾರ ಕೈ ಬಲವೋ ಅವರ ಪಾಠ ಬೋರ್ಡಿನ ಮೇಲೆ ಬರುತ್ತದೆ. ಪಠ್ಯಪುಸ್ತಕ ಸಮಿತಿಯಲ್ಲಿ ಎಂಥ ಜ್ಞಾನಿಗಳಿದ್ದರೂ ಸರಿಯೇ, ತರಗತಿಯ ಬಾಗಿಲು ಮುಚ್ಚಿದ ಮೇಲೆ ಪೌರನೀತಿಯನ್ನು ನಿರ್ಣಯಿಸುವುದು ಉಪಾಧ್ಯಾಯನ ಸಂಬಳದ ಚೀಟಿ. ಇದನ್ನು ವಿದ್ವಾಂಸರು ಬರೆಯುವುದು ಅಪರೂಪ. ಕೆಲಸಗಾರರಿಗೆ ಕೂಡಲೇ ಅರ್ಥವಾಗುತ್ತದೆ. ಬದಲಿ ಕೆಲಸದವನು ಮೇಸ್ತ್ರಿಗೆ ಎದುರಾಡುವುದಿಲ್ಲವಲ್ಲ, ಅದೇ ಸಂಗತಿ.

ಪಡಾಂಗಿನ ಪ್ರಕರಣದಲ್ಲಿ ಬಾಯಿ ತೆರೆದವನು ಉಪಾಧ್ಯಾಯನಲ್ಲ, ಒಬ್ಬ ತಂದೆ ಎಂಬುದನ್ನು ಮರೆಯಬಾರದು. ತಾಯಿತಂದೆಯರು ಶಾಲೆಯೊಳಗೆ ಹೋಗಿ ಕೇಳುವ ದಾರಿ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ನಮ್ಮ ಜಿಲ್ಲೆಯ ಸರ್ಕಾರಿ ಶಾಲೆಗಳ ಎಸ್.ಡಿ.ಎಂ.ಸಿ.ಗಳಲ್ಲಿ ಸದಸ್ಯರಾಗಿರುವ ಗಿರಣಿ ಮಿತ್ರರೂ ಅಂಗಡಿಯವರೂ ಮುಂದಿನ ಸಭೆಗೆ ತಪ್ಪದೆ ಹೋಗಬೇಕೆಂದು ಕೋರುತ್ತೇವೆ. ಬಿಸಿಯೂಟದ ಬೇಳೆ, ಸೋರುವ ಮಾಡು, ಇವುಗಳ ಮಾತು ಮುಗಿದ ಮೇಲೆ ಹತ್ತು ನಿಮಿಷ ಉಳಿಸಿಕೊಳ್ಳಿರಿ. ಸಮಾಜ ಪಾಠ ಹೇಳುವ ಮೇಷ್ಟ್ರು ಖಾಯಮೋ ಅತಿಥಿಯೋ, ಅತಿಥಿಯಾಗಿದ್ದರೆ ಎಷ್ಟು ತಿಂಗಳ ಸಂಬಳ ಬಾಕಿ ಇದೆ ಎಂದು ಕೇಳಿ ಬರೆದುಕೊಳ್ಳಿರಿ. ಬರೆದ ಚೀಟಿಯನ್ನು ನಮ್ಮ ಕಚೇರಿಗೆ ತಲುಪಿಸಿದರೆ ಶಾಲೆಯ ಹೆಸರು ಹಾಕದೆ ಲೆಕ್ಕವನ್ನು ಈ ಪುಟದಲ್ಲಿ ಅಚ್ಚು ಮಾಡುತ್ತೇವೆ.